ಸೂರ್ಯಾಸ್ತಕ್ಕೆ ಮುನ್ನ ಊಟ, ಎರಡು ಗಂಟೆಗೊಮ್ಮೆ ವಿರಾಮ: ಗರ್ಭಿಣಿಯೊಂದಿಗೆ ಮೈಸೂರು ಪ್ರವಾಸ

ಐದನೇ ತಿಂಗಳು ತುಂಬಿ, ಸೀಮಂತಕ್ಕೆ ಇನ್ನೂ ಸಮಯವಿರುವಾಗ, ತವರಿಗೆ ಹೋಗುವ ಮುನ್ನ ಗಂಡ ಹೆಂಡತಿ ಎರಡು ದಿನ ಎಲ್ಲಾದರೂ ಹೋಗಿಬರಲಿ ಎಂಬ ಮಾತು ಈಗ ಜೈನ ಮನೆಗಳಲ್ಲೂ ಕೇಳಿಬರುತ್ತದೆ. ಮಗು ಬಂದ ಮೇಲೆ ಒಂದೆರಡು ವರ್ಷ ಇಂಥ ಬಿಡುವು ಸಿಗುವುದು ಕಷ್ಟ. ಹೊಸಕೋಟೆಗೂ ದೇವನಹಳ್ಳಿಗೂ ನಡುವೆ ಇರುವ ಸೂಲಿಬೆಲೆಯಿಂದ ಹೊರಡುವ ಕುಟುಂಬಕ್ಕೆ ಬೆಂಗಳೂರು ದಿನನಿತ್ಯದ ಊರು. ಪ್ರವಾಸ ಎಂದರೆ ಮೊದಲು ನೆನಪಾಗುವುದು ಮೈಸೂರು.

ಮೈಸೂರಿನಲ್ಲಿ ಹೋಟೆಲುಗಳಿಗೆ ಕೊರತೆಯಿಲ್ಲ, ನೋಡುವ ಜಾಗಗಳೂ ಬೇಕಾದಷ್ಟಿವೆ. ಜೈನ ಕುಟುಂಬದ ಯೋಜನೆ ಕೆಡುವುದು ಬೇರೆ ಕಡೆ. ಹೆಚ್ಚಿನ ಹೋಟೆಲುಗಳಲ್ಲಿ ರಾತ್ರಿ ಊಟ ಶುರುವಾಗುವುದು ಏಳು, ಏಳೂವರೆಗೆ. ನವೆಂಬರ್ ಕೊನೆಯಲ್ಲಿ ಮೈಸೂರಿನಲ್ಲಿ ಸೂರ್ಯ ಮುಳುಗುವುದು 5.55ರ ಸುಮಾರಿಗೆ. ಮಧ್ಯಾಹ್ನ ಒಂದಕ್ಕೆ ಊಟ ಮಾಡಿದ ಗರ್ಭಿಣಿ ಸಂಜೆ ಐದೂವರೆಗೆ ಎಲ್ಲೋ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ, "ಇರಲಿ ಬಿಡಿ, ಹಸಿವಿಲ್ಲ" ಎಂದು ಹಾಗೆಯೇ ಮಲಗಿಬಿಡುತ್ತಾಳೆ. ಮನೆಯವರೂ ಅದನ್ನು ಅವಳ ದೃಢತೆ ಎಂದುಕೊಂಡು ಸುಮ್ಮನಾಗುತ್ತಾರೆ. ಪ್ರವಾಸದ ಪಟ್ಟಿಯನ್ನು ನೋಡುವ ಜಾಗಗಳಿಂದ ಆರಂಭಿಸದೆ, ಸಂಜೆಯ ಊಟದ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕಾದದ್ದು ಇದಕ್ಕೇ.

ಯಾವ ತಿಂಗಳಲ್ಲಿ

ತೊಂದರೆಯಿಲ್ಲದ ಗರ್ಭಧಾರಣೆಯಲ್ಲಿ ಪ್ರಯಾಣಕ್ಕೆ 14ರಿಂದ 28ನೇ ವಾರದವರೆಗಿನ ಅವಧಿ ಅನುಕೂಲ ಎಂದು ಪ್ರಸೂತಿ ತಜ್ಞರು ಹೇಳುತ್ತಾರೆ. ಮೊದಲ ಮೂರು ತಿಂಗಳ ವಾಂತಿ, ಸುಸ್ತು ಅಷ್ಟರಲ್ಲಿ ಇಳಿದಿರುತ್ತದೆ. ಕೊನೆಯ ತಿಂಗಳುಗಳ ಭಾರ, ಸೊಂಟನೋವು ಇನ್ನೂ ಶುರುವಾಗಿರುವುದಿಲ್ಲ. ವಿಮಾನದಲ್ಲಿ ದೂರ ಹೋಗುವವರು ಗಮನಿಸಬೇಕಾದದ್ದು: ಹೆಚ್ಚಿನ ವಿಮಾನ ಸಂಸ್ಥೆಗಳು 28 ಅಥವಾ 32 ವಾರದ ನಂತರ ವೈದ್ಯರ ಪತ್ರ ಕೇಳುತ್ತವೆ, 36 ವಾರ ದಾಟಿದರೆ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ.

ರಕ್ತಸ್ರಾವ ಆಗಿದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದರೆ, ರಕ್ತದೊತ್ತಡ ಹತೋಟಿಗೆ ಬಂದಿರದಿದ್ದರೆ, ಹಿಂದಿನ ಮಗು ಅವಧಿಗೆ ಮೊದಲೇ ಹುಟ್ಟಿದ್ದರೆ, ತೀವ್ರ ರಕ್ತಹೀನತೆ ಇದ್ದರೆ ಪ್ರವಾಸದ ಮಾತು ವೈದ್ಯರ ಕೋಣೆಯಲ್ಲೇ ಮುಗಿಯಬೇಕು. ಅವಳಿ ಮಕ್ಕಳಿದ್ದರೂ ಕೇಳದೆ ಹೊರಡಬಾರದು. ಹೊರಡುವ ವಾರದಲ್ಲಿ ಒಮ್ಮೆ ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡಿಸಿಕೊಳ್ಳುವುದು ಒಳ್ಳೆಯದು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಈ ತಪಾಸಣೆ ಉಚಿತ.

ಇನ್ನೊಂದು ಕ್ಯಾಲೆಂಡರ್ ಕೂಡ ನೋಡಬೇಕು. ಅಷ್ಟಮಿ, ಚತುರ್ದಶಿಯಂದು ಹಸಿರು ತರಕಾರಿ, ಸೊಪ್ಪು ಬಿಡುವ ಮನೆಗಳಿವೆ. ಆ ದಿನ ಹೋಟೆಲಿನಲ್ಲಿ ತಿನ್ನಲು ಉಳಿಯುವುದು ಅನ್ನ, ಬೇಳೆ, ಸಿಹಿ ಅಷ್ಟೇ. ಪ್ರವಾಸದ ದಿನಗಳು ಈ ತಿಥಿಗಳಿಗೆ ಬೀಳದಂತೆ ನೋಡಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ. ಪರ್ಯೂಷಣ, ದಶಲಕ್ಷಣ ಪರ್ವದ ಸಮಯದಲ್ಲಂತೂ ಯಾರೂ ಹೊರಡುವುದಿಲ್ಲ. ದಸರೆಯ ಹತ್ತು ದಿನ ಮೈಸೂರಿನ ಜನಜಂಗುಳಿಯಲ್ಲಿ ಗರ್ಭಿಣಿಗೆ ಕೆಲಸವಿಲ್ಲ. ಕೋಣೆ ಬಾಡಿಗೆಯೂ ಆಗ ದುಬಾರಿ.

ಸಂಜೆಯ ಊಟ, ರಾತ್ರಿಯ ನೀರು

ನವೆಂಬರ್ ಕೊನೆಯ ಲೆಕ್ಕವನ್ನೇ ಮುಂದುವರಿಸಿದರೆ, ಸಂಜೆ 5.55ಕ್ಕೆ ಮುಳುಗಿದ ಸೂರ್ಯ ಮತ್ತೆ ಕಾಣುವುದು ಬೆಳಿಗ್ಗೆ 6.25ರ ಹೊತ್ತಿಗೆ. ಅಲ್ಲಿಗೆ ಹನ್ನೆರಡೂವರೆ ಗಂಟೆ. ನವಕಾರಸಿ ಪಾಲಿಸುವವರು ಇನ್ನೂ 48 ನಿಮಿಷ ಕಾಯುತ್ತಾರೆ, ಅಂದರೆ ಹದಿಮೂರು ಗಂಟೆ ದಾಟುತ್ತದೆ. ಜುಲೈ ಆರಂಭದಲ್ಲಿ ಸೂರ್ಯಾಸ್ತ 6.50ರ ಆಚೆ ಹೋಗುವುದರಿಂದ ಈ ಅಂತರ ಒಂದು ಗಂಟೆಗಿಂತ ಹೆಚ್ಚು ಕಡಿಮೆ.

ಸಾಮಾನ್ಯ ಆರೋಗ್ಯದ ವ್ಯಕ್ತಿಗೆ ಇದು ದೊಡ್ಡದಲ್ಲ. ಗರ್ಭಿಣಿಯ ದೇಹ, ಅದರಲ್ಲೂ ಆರನೇ ತಿಂಗಳ ನಂತರ, ಉಪವಾಸದ ಸ್ಥಿತಿಗೆ ಬೇರೆಯವರಿಗಿಂತ ಬೇಗ ಜಾರುತ್ತದೆ. ಮಗು ನಿರಂತರವಾಗಿ ತಾಯಿಯ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತಿರುತ್ತದೆ. ಹೊಟ್ಟೆ ಖಾಲಿಯಾದಂತೆ ತಾಯಿಯ ದೇಹ ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ. ಬೆಳಿಗ್ಗೆ ಏಳುವಾಗ ತಲೆಸುತ್ತು, ವಾಕರಿಕೆ ಬರಲು ಇದೂ ಒಂದು ಕಾರಣ. ಗರ್ಭಾವಸ್ಥೆಯ ಮಧುಮೇಹ ಇರುವವರಿಗೆ, ಮುಖ್ಯವಾಗಿ ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೆ, ಸಂಜೆ ಊಟ ತಪ್ಪುವುದು ನೇರ ಅಪಾಯ. 24ರಿಂದ 28ನೇ ವಾರದೊಳಗೆ ಆಗಬೇಕಾದ ಸಕ್ಕರೆ ಪರೀಕ್ಷೆಯನ್ನು ಮುಗಿಸಿಕೊಂಡು ಹೊರಟರೆ ಈ ವಿಷಯ ಮೊದಲೇ ಸ್ಪಷ್ಟವಾಗುತ್ತದೆ.

ಹಾಗೆಂದು ರಾತ್ರಿಭೋಜನ ತ್ಯಾಗ ಬಿಡಬೇಕಾಗಿಲ್ಲ. ಊಟವನ್ನು ಎರಡಾಗಿ ಒಡೆಯಬೇಕು. ನಾಲ್ಕು ಗಂಟೆಗೆ ಹಾಲು, ಹಣ್ಣು, ಹುರಿಗಡಲೆ, 5.15ಕ್ಕೆ ಪೂರ್ತಿ ಊಟ, ಅದರಲ್ಲಿ ಬೇಳೆ, ತುಪ್ಪ, ರಾಗಿ ಇರಲಿ. ಬರೀ ಅನ್ನ ಸಾರು ಬೇಗ ಜೀರ್ಣವಾಗಿ ಎಂಟಕ್ಕೇ ಹಸಿವು ಶುರುವಾಗುತ್ತದೆ. ರಾಗಿ, ಹೆಸರುಬೇಳೆ, ತುಪ್ಪ ಹೆಚ್ಚು ಹೊತ್ತು ತಡೆಯುತ್ತವೆ. ಬೆಳಿಗ್ಗೆ ಸೂರ್ಯೋದಯವಾದ ಕೂಡಲೇ, ಹೋಟೆಲಿನ ತಿಂಡಿ ಎಂಟಕ್ಕೆ ತೆರೆಯುವವರೆಗೆ ಕಾಯದೆ, ಕೋಣೆಯಲ್ಲೇ ರಾಗಿ ಹುರಿಹಿಟ್ಟಿಗೆ ಬಿಸಿಹಾಲು, ಬೆಲ್ಲ ಕಲಸಿ ಕುಡಿಯಬಹುದು. ಹುರಿಹಿಟ್ಟು, ಖಾಖ್ರ, ಹುರಿದ ಕಡಲೆ, ಖರ್ಜೂರ, ಎಳ್ಳುಂಡೆ ಈ ಐದು ಚೀಲದಲ್ಲಿದ್ದರೆ ಯಾವ ಊರಿನಲ್ಲೂ ಹೆದರಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ; ಹೊಸಕೋಟೆ ಸೀಮೆಯವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಷ್ಟವಿರುವುದು ನೀರಿನದು. ತಿವಿಹಾರ ಪಾಲಿಸುವವರು ರಾತ್ರಿ ನೀರು ಕುಡಿಯಬಹುದು; ಚೌವಿಹಾರದಲ್ಲಿ ಅದೂ ಇಲ್ಲ. ದಿನವಿಡೀ ಬಿಸಿಲಲ್ಲಿ ತಿರುಗಿ, ಶೌಚಾಲಯ ಸಿಗುವುದಿಲ್ಲವೆಂದು ಹಗಲೂ ನೀರು ಕಡಿಮೆ ಕುಡಿದು, ರಾತ್ರಿ ಪೂರ್ತಿ ನೀರು ಬಿಟ್ಟರೆ ಮೂತ್ರನಾಳದ ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಹೊಟ್ಟೆ ಬಿಗಿಯುವುದು ಇವೆಲ್ಲಕ್ಕೂ ದಾರಿಯಾಗುತ್ತದೆ. ಪ್ರವಾಸದ ದಿನಗಳಲ್ಲಿ ಚೌವಿಹಾರದ ಬದಲು ತಿವಿಹಾರ ತೆಗೆದುಕೊಳ್ಳಬಹುದೇ ಎಂದು ಹೊರಡುವ ಮೊದಲೇ ಗುರುಗಳನ್ನೋ ಮಾತಾಜಿಯವರನ್ನೋ ಸಾಧ್ವೀಜಿಯವರನ್ನೋ ಕೇಳಿ ಇತ್ಯರ್ಥ ಮಾಡಿಕೊಂಡರೆ, ಅಲ್ಲಿ ಹೋದ ಮೇಲೆ ಅಪರಾಧಿ ಭಾವ ಕಾಡುವುದಿಲ್ಲ. ಶಾಸ್ತ್ರದಲ್ಲಿ ಇದಕ್ಕೆ ಜಾಗವಿಲ್ಲ ಎಂದುಕೊಳ್ಳುವವರು ಎರಡು ಸಂಗತಿ ನೆನಪಿಡಬಹುದು. ತತ್ತ್ವಾರ್ಥ ಸೂತ್ರ ಹೇಳುವ ಷೋಡಶ ಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸು ಎರಡಕ್ಕೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣ ಸೇರಿಯೇ ಬರುತ್ತದೆ. ಶ್ವೇತಾಂಬರ ಪರಂಪರೆಯ ಪಚ್ಚಕ್ಖಾಣದ ಪಾಠಗಳಲ್ಲಿ ‘ಆಗಾರ’ಗಳು, ಅಂದರೆ ಮೊದಲೇ ಹೇಳಿಟ್ಟ ವಿನಾಯಿತಿಗಳು ಇವೆ, ದೇಹದ ತೀವ್ರ ಬಾಧೆಯಲ್ಲಿ ಸಮಾಧಿ ಕಾಯ್ದುಕೊಳ್ಳುವುದಕ್ಕಾಗಿ ಇರುವ ವಿನಾಯಿತಿ ಅವುಗಳಲ್ಲಿ ಒಂದು. ಯಾವ ಸಂದರ್ಭಕ್ಕೆ ಎಷ್ಟು ಎಂಬುದು ಗುರುಗಳ ಮಾತು. ಆದರೆ ಆ ಪ್ರಶ್ನೆಯನ್ನು ಗರ್ಭಿಣಿಯೇ ಒಂಟಿಯಾಗಿ ಹೊತ್ತುಕೊಂಡು ಕೂರುವಂತೆ ಮಾಡಬಾರದು. ಕೇಳಿ ಬರುವ ಕೆಲಸ ಗಂಡನದು, ಅತ್ತೆಯದು.

ಮಾತ್ರೆಗಳ ಸಮಯವೂ ಇಲ್ಲೇ ಸೇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ‘ರಾತ್ರಿ ಮಲಗುವಾಗ’ ಎಂದು ಬರೆದುಕೊಟ್ಟಿದ್ದರೆ, ಚೌವಿಹಾರದ ಮನೆಗಳಲ್ಲಿ ಅದು ತಿಂಗಳುಗಟ್ಟಲೆ ಡಬ್ಬಿಯಲ್ಲೇ ಉಳಿಯುವುದುಂಟು. ವೈದ್ಯರಿಗೆ ಇದನ್ನು ಹೇಳಿದರೆ ಮಧ್ಯಾಹ್ನದ ಊಟವಾದ ಒಂದೆರಡು ಗಂಟೆಗೆ ಬದಲಿಸಿಕೊಡುತ್ತಾರೆ. ನಿಂಬೆಯ ಪಾನಕದ ಜೊತೆ ತೆಗೆದುಕೊಂಡರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳಿಂದ ಎರಡು ಗಂಟೆ ದೂರವಿರಲಿ. ಕ್ಯಾಪ್ಸೂಲ್ ರೂಪದ ವಿಟಮಿನ್‌ಗಳ ಹೊದಿಕೆ ಬಹುಪಾಲು ಪ್ರಾಣಿಜನ್ಯ ಜೆಲಾಟಿನ್‌ನದು. ಸಸ್ಯಜನ್ಯ ಹೊದಿಕೆಯದ್ದೋ ಬರೀ ಮಾತ್ರೆಯೋ ಬೇಕೆಂದು ಕೇಳಿದರೆ ಸಿಗುತ್ತದೆ, ಔಷಧಿಯನ್ನೇ ಬಿಟ್ಟುಬಿಡುವ ಅಗತ್ಯವಿಲ್ಲ. ಲೇಹ್ಯಗಳಲ್ಲಿ ಜೇನು ಇರುತ್ತದೆ ಎಂಬುದು ಬಹುತೇಕರಿಗೆ ಗೊತ್ತಿರುವುದೇ.

‘ಜೈನ್ ಊಟ’ ಎಂದರೆ ಏನು

ಮೆನುವಿನಲ್ಲಿ ‘ಜೈನ್’ ಎಂದು ಬರೆದಿದ್ದರೆ ಅನೇಕ ಹೋಟೆಲುಗಳ ಅರ್ಥದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ ಎಂದಷ್ಟೇ. ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಹಸಿಶುಂಠಿ ಹಾಕಿರುತ್ತಾರೆ. ಪಲ್ಯದ ಗ್ರೇವಿಯನ್ನು ಬೆಳಿಗ್ಗೆಯೇ ಈರುಳ್ಳಿ ಹಾಕಿ ಒಟ್ಟಿಗೆ ಕುದಿಸಿಟ್ಟಿರುವುದರಿಂದ, ಆಮೇಲೆ "ಈರುಳ್ಳಿ ಬೇಡ" ಎಂದರೆ ಮೇಲೆ ಉದುರಿಸುವುದನ್ನು ನಿಲ್ಲಿಸಬಹುದು, ಅಷ್ಟೇ. ಕೋಣೆ ಕಾದಿರಿಸುವ ಮೊದಲು ಫೋನ್ ಮಾಡಿ, ಅಡುಗೆಮನೆಯವರೊಂದಿಗೇ ಮಾತಾಡಿ, ಕಂದಮೂಲ ಯಾವುದೂ ಇಲ್ಲದ ಒಂದು ಬೇಳೆ, ಒಂದು ಪಲ್ಯ, ಚಪಾತಿ, ಅನ್ನವನ್ನು ಸಂಜೆ 5 ಗಂಟೆಗೆ ಕೋಣೆಗೆ ಕಳಿಸಬಲ್ಲಿರಾ ಎಂದು ನೇರವಾಗಿ ಕೇಳುವುದು ಸರಿ. ಮಧ್ಯಾಹ್ನದ ಅಡುಗೆಯವರು ಮೂರಕ್ಕೆ ಮನೆಗೆ ಹೋಗಿ ಏಳಕ್ಕೆ ಬರುವ ಹೋಟೆಲುಗಳಲ್ಲಿ ಐದು ಗಂಟೆಗೆ ಒಲೆಯೇ ಹೊತ್ತಿರುವುದಿಲ್ಲ. ಆ ಉತ್ತರ ಬಂದರೆ ಎಷ್ಟು ನಕ್ಷತ್ರದ ಹೋಟೆಲಾದರೂ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಸಂಜೆಯೂ ತಿಂಡಿ ಸಿಗುವ ಸಾಮಾನ್ಯ ದರ್ಶಿನಿ ಈ ವಿಷಯದಲ್ಲಿ ದೊಡ್ಡ ಹೋಟೆಲಿಗಿಂತ ವಾಸಿ.

ದರ್ಶಿನಿಯಲ್ಲೂ ಆಯ್ಕೆ ತಿಳಿದಿರಬೇಕು. ಇಡ್ಲಿ, ಸಾದಾ ದೋಸೆ, ಕೇಸರಿಬಾತ್, ಪೊಂಗಲ್‌ಗಳಲ್ಲಿ ಕಂದಮೂಲದ ಗೋಜಿಲ್ಲ, ಪೊಂಗಲ್‌ಗೆ ಶುಂಠಿ ಹಾಕಿದ್ದಾರೆಯೇ ಎಂದು ಮಾತ್ರ ಕೇಳಬೇಕು. ಮಸಾಲೆ ದೋಸೆ, ಖಾರಾಬಾತ್, ಸಾಂಬಾರು ಬೇಡ. ಪುಳಿಯೋಗರೆ ಸಾಂಪ್ರದಾಯಿಕವಾಗಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು, ಮನೆಯಿಂದ ಕಟ್ಟಿಕೊಂಡರೆ ಮಧ್ಯಾಹ್ನದವರೆಗೆ ಕೆಡುವುದೂ ಇಲ್ಲ. ಮೈಸೂರು ದಾರಿಯ ಎರಡು ಪ್ರಸಿದ್ಧ ತಿಂಡಿಗಳಲ್ಲಿ ಬಿಡದಿಯ ತಟ್ಟೆ ಇಡ್ಲಿಯನ್ನು ಬೆಣ್ಣೆಯ ಜೊತೆ ತಿನ್ನಬಹುದು, ಚಟ್ನಿ ವಿಚಾರಿಸಿಕೊಂಡರಾಯಿತು. ಮದ್ದೂರು ವಡೆಯಲ್ಲಿ ಈರುಳ್ಳಿ ಇಲ್ಲದೆ ಅದು ಮದ್ದೂರು ವಡೆಯೇ ಅಲ್ಲ. ಮೈಸೂರು ಪಾಕು ಕಡಲೆಹಿಟ್ಟು, ತುಪ್ಪ, ಸಕ್ಕರೆಯದು, ದೋಷವಿಲ್ಲ. ಸಕ್ಕರೆ ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ. ಫಿಲ್ಟರ್ ಕಾಫಿ ದಿನಕ್ಕೆ ಎರಡು ಸಣ್ಣ ಲೋಟಕ್ಕೆ ನಿಲ್ಲಲಿ. ಕೆಫೀನ್ 200 ಮಿಲಿಗ್ರಾಂ ಮೀರಬಾರದು ಎಂಬುದು ವೈದ್ಯರ ಸಲಹೆ.

ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣು, ಪಾನಿಪುರಿ, ಐಸ್ ಹಾಕಿದ ಕಬ್ಬಿನ ಹಾಲು ಗರ್ಭಿಣಿಗೆ ಖಂಡಿತ ಬೇಡ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಇ ಕಾಮಾಲೆ ಉಳಿದವರಲ್ಲಿ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಅದೇ ಕಾಯಿಲೆ ಪ್ರಾಣಕ್ಕೆ ಬರುತ್ತದೆ. ಸೋಸಿ ಕಾಯಿಸಿದ ನೀರನ್ನೇ ಕುಡಿಯುವ ಮನೆಯ ರೂಢಿಯನ್ನು ಪ್ರವಾಸದಲ್ಲಿ ಸಡಿಲಿಸದೆ ಇರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಒಂದು ಸಣ್ಣ ವಿದ್ಯುತ್ ಕೆಟಲ್, ಒಂದು ಬಿಳಿ ಬಟ್ಟೆ, ಎರಡು ಸ್ಟೀಲ್ ಬಾಟಲಿ ಸಾಕು.

ದಾರಿ

ಸೂಲಿಬೆಲೆಯಿಂದ ಮೈಸೂರಿಗೆ ರಸ್ತೆಯಲ್ಲಿ 180 ಕಿ.ಮೀ. ಆಸುಪಾಸು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಓಟ ಸಲೀಸು, ಉಬ್ಬುಗಳ ಕಾಟವಿಲ್ಲ. ಸಮಯ ತಿನ್ನುವುದು ಬೆಂಗಳೂರನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುವ ಕೆಲಸ. ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹೊರಗಿನಿಂದಲೇ ಬಳಸಿ ಹೋಗುವುದರಿಂದ, ಶುಚಿಯಾದ ಶೌಚಾಲಯ ಬೇಕಾದರೆ ಸರ್ವೀಸ್ ರಸ್ತೆಗೆ ಇಳಿದು ಊರೊಳಗೆ ಹೋಗಬೇಕು. ಎಲ್ಲಿ ಇಳಿಯುವುದು ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಒಂದು ತಿರುವು ತಪ್ಪಿದರೂ ಇಪ್ಪತ್ತು ಕಿಲೋಮೀಟರ್ ತಡೆದುಕೊಂಡು ಕೂರಬೇಕಾಗುತ್ತದೆ. ಒಂದೂವರೆ, ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಐದು ಹತ್ತು ನಿಮಿಷ ನಡೆಯಬೇಕು. ಸೀಟ್ ಬೆಲ್ಟ್ ಕಟ್ಟದೆ ಇರುವುದು ಮಗುವಿಗೆ ಹಿತ ಎಂಬ ನಂಬಿಕೆ ತಪ್ಪು. ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ತೊಡೆ ಸಂದಿಗೆ ತಾಗಿ ಹೋಗಬೇಕು. ಮೇಲ್ಪಟ್ಟಿ ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ.

ಇದಕ್ಕಿಂತ ಒಳ್ಳೆಯದು ರೈಲು. 2023ರ ಅಕ್ಟೋಬರ್‌ನಿಂದ ನಮ್ಮ ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡ್ (ಕಾಡುಗೋಡಿ) ನಿಲ್ದಾಣದಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡುತ್ತಿದೆ. ಸೂಲಿಬೆಲೆಯಿಂದ ಹೊಸಕೋಟೆ ಮೂಲಕ ಕಾಡುಗೋಡಿಗೆ ಕಾರಿನಲ್ಲಿ ಬಂದು, ಅಲ್ಲಿಂದ ಮೆಟ್ರೋದಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಹೋದರೆ ಬೆಂಗಳೂರಿನ ಟ್ರಾಫಿಕ್ ಪೂರ್ತಿ ತಪ್ಪುತ್ತದೆ. ಮೈಸೂರಿಗೆ ಅಲ್ಲಿಂದ ಎರಡರಿಂದ ಮೂರು ಗಂಟೆ. ರೈಲಿನಲ್ಲಿ ಎದ್ದು ಓಡಾಡಬಹುದು, ಶೌಚಾಲಯ ಕೈಗೆಟಕುವಲ್ಲಿರುತ್ತದೆ, ಕಾಲು ಊದುವುದು ಕಡಿಮೆ. ಮಲಗುವ ಬೋಗಿಯಿರುವ ದೂರದ ರೈಲುಗಳಲ್ಲಿ ಗರ್ಭಿಣಿಯರಿಗೆ ಕೆಳಗಿನ ಬರ್ತ್‌ನ ಮೀಸಲು ಕೋಟಾ ಇದೆ, ಟಿಕೆಟ್ ಮಾಡಿಸುವಾಗಲೇ ಕೇಳಬೇಕು. ಶಕ್ತಿ ಯೋಜನೆಯ ಉಚಿತ ಬಸ್ಸು ಖರ್ಚಿಗೆ ಹಿತ. ಆದರೆ ವಾರಾಂತ್ಯದ ನೂಕುನುಗ್ಗಲಿನಲ್ಲಿ ಆರು ತಿಂಗಳ ಗರ್ಭಿಣಿ ನಿಲ್ಲುವಂತಾದರೆ ಉಳಿಸಿದ ಹಣ ಲೆಕ್ಕಕ್ಕೆ ಬರುವುದಿಲ್ಲ.

ಉಳಿಯುವ ಕೋಣೆ

ಧರ್ಮಶಾಲೆಯೋ ಹೋಟೆಲೋ ಎಂಬ ಪ್ರಶ್ನೆ ಪ್ರತಿ ಜೈನ ಮನೆಯಲ್ಲೂ ಏಳುತ್ತದೆ. ಧರ್ಮಶಾಲೆಯಲ್ಲಿ ಹೊತ್ತಿಗೆ ಸರಿಯಾಗಿ ಶುದ್ಧ ಆಹಾರ, ಸೋಸಿದ ನೀರು, ಬಸದಿಯ ಸಾಮೀಪ್ಯ. ಆದರೆ ಹಲವೆಡೆ ನೆಲಮಟ್ಟದ ಶೌಚಾಲಯ, ತೆಳು ಹಾಸಿಗೆ, ಲಿಫ್ಟ್ ಇಲ್ಲದ ಮೇಲಂತಸ್ತು. ತುಂಬುಹೊಟ್ಟೆಯಲ್ಲಿ ರಾತ್ರಿ ನಾಲ್ಕು ಸಲ ಏಳಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಊಟಕ್ಕೆ ಧರ್ಮಶಾಲೆ ಅಥವಾ ಜೈನ ಭೋಜನಾಲಯ, ನಿದ್ದೆಗೆ ಹತ್ತಿರದ ಹೋಟೆಲು ಎಂದು ಎರಡನ್ನೂ ಬೇರೆ ಮಾಡಿಕೊಂಡರೆ ಯಾವುದರ ಕುಂದೂ ಬಾಧಿಸದು. ಹೋಟೆಲಿನಲ್ಲಿ ಕೇಳಬೇಕಾದದ್ದು ಲಿಫ್ಟ್ ಅಥವಾ ನೆಲಮಹಡಿ, ಕುರ್ಚಿಯಂಥ ಕಮೋಡ್, ಜಾರದ ಬಚ್ಚಲು, ಕೊನೆ ಗಳಿಗೆಯಲ್ಲಿ ರದ್ದುಮಾಡಿದರೆ ಹಣ ವಾಪಸು ಬರುವ ಷರತ್ತು. ಕೊನೆಯದ್ದು ಗರ್ಭಿಣಿಯ ಪ್ರವಾಸದಲ್ಲಿ ಐಷಾರಾಮವಲ್ಲ.

ಸೊಳ್ಳೆಗೆ ಬತ್ತಿ ಉರಿಸುವುದು ಅಹಿಂಸೆಗೂ ಸಲ್ಲದು, ಮುಚ್ಚಿದ ಕೋಣೆಯಲ್ಲಿ ಗರ್ಭಿಣಿಯ ಉಸಿರಿಗೂ ಹಿತವಲ್ಲ. ಮಡಚುವ ಸೊಳ್ಳೆಪರದೆಯೊಂದನ್ನು ಮನೆಯಿಂದ ಒಯ್ದರೆ ಡೆಂಗಿಯ ಭಯವೂ ತಗ್ಗುತ್ತದೆ.

ಏನು ನೋಡುವುದು, ಏನು ಬಿಡುವುದು

ಮೈಸೂರಿನ ದೊಡ್ಡ ಆಕರ್ಷಣೆಯೊಂದು ಜೈನರ ದಿನಚರಿಗೆ ಹೇಳಿ ಮಾಡಿಸಿದಂತಿದೆ. ಅರಮನೆಗೆ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7 ಗಂಟೆಗೆ ದೀಪಾಲಂಕಾರ. ಉಳಿದ ಪ್ರವಾಸಿಗರು ಆ ಹೊತ್ತಿಗೆ ಊಟದ ಚಿಂತೆಯಲ್ಲಿದ್ದರೆ, 5.15ಕ್ಕೆ ಊಟ ಮುಗಿಸಿ ಅರ್ಧ ಗಂಟೆ ಅಡ್ಡಾದವರು ನಿರಾಳವಾಗಿ ಹೋಗಿ ಕುಳಿತು ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತುವುದನ್ನು ನೋಡಬಹುದು. ಹಾಗಾಗಿ ಶನಿವಾರ ಹೊರಟು ಸೋಮವಾರ ಮರಳುವ ಯೋಜನೆ ಮೈಸೂರಿಗೆ ಒಪ್ಪುತ್ತದೆ. 1912ರಲ್ಲಿ ಪೂರ್ಣಗೊಂಡ ಈ ಅರಮನೆಯ ಒಳಗೆ ಬರಿಗಾಲಲ್ಲಿ, ಮೆಟ್ಟಿಲು ಹತ್ತಿ ಇಳಿದು, ಜನರ ಸಾಲಿನಲ್ಲಿ ಸಾಗಬೇಕು. ನೋಡಲೇಬೇಕೆಂದರೆ ಸೋಮವಾರ ಬೆಳಿಗ್ಗೆ 10ಕ್ಕೆ ಬಾಗಿಲು ತೆರೆದ ಕೂಡಲೇ.

1892ರಲ್ಲಿ ಆರಂಭವಾದ ಚಾಮರಾಜೇಂದ್ರ ಮೃಗಾಲಯ ವಿಶಾಲವಾದದ್ದು. ನಡೆದೇ ನೋಡುವುದು ಬೇಡ, ಬ್ಯಾಟರಿ ಗಾಡಿ ಇದೆ. ಮಂಗಳವಾರ ರಜೆ. ಪ್ರಾಣಿಗಳನ್ನು ಬಂಧನದಲ್ಲಿಡುವುದನ್ನು ಇಷ್ಟಪಡದವರು ಪಕ್ಕದ ಕಾರಂಜಿ ಕೆರೆಯ ದಂಡೆಯಲ್ಲಿ ಒಂದು ಗಂಟೆ ಕಳೆಯಬಹುದು, ಗರ್ಭಿಣಿಗೆ ಅದೇ ಹೆಚ್ಚು ಹಿತ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲಿನ ಬದಲು ರಸ್ತೆಯಿದೆ. ಬೃಂದಾವನದ ಕಾರಂಜಿಗಳು ಬೆಳಗುವುದು ಕತ್ತಲಾದ ಮೇಲೆ. ಊರಿನಿಂದ ದೂರ, ಮೆಟ್ಟಿಲು ಹೆಚ್ಚು, ಹೋಗಿಬರುವ ಸಮಯ ಸರಿಯಾಗಿ ಊಟದ ಹೊತ್ತನ್ನೇ ನುಂಗುತ್ತದೆ. ಬಿಟ್ಟರೆ ನಷ್ಟವಿಲ್ಲ.

ದರ್ಶನಕ್ಕೆ ಹುಣಸೂರು ದಾರಿಯಲ್ಲಿ ಬಿಳಿಕೆರೆ ಸಮೀಪದ ಗೊಮ್ಮಟಗಿರಿ. ದೊಡ್ಡ ಬಂಡೆಯ ಮೇಲೆ ಹದಿನೆಂಟು ಇಪ್ಪತ್ತು ಅಡಿಯ ಬಾಹುಬಲಿ. ಶ್ರವಣಬೆಳಗೊಳಕ್ಕೆ ಹೋಲಿಸಿದರೆ ಮೆಟ್ಟಿಲು ತೀರಾ ಕಡಿಮೆ, ಜನಸಂದಣಿಯೂ ಇಲ್ಲ. ವೈದ್ಯರು ಮೆಟ್ಟಿಲಿಗೆ ಒಪ್ಪಿದ್ದರೆ ಬಂಡೆ ಕಾಯುವ ಮುನ್ನ, ಬೆಳಿಗ್ಗೆ ಒಂಬತ್ತರೊಳಗೆ, ಕೈಹಿಡಿದು ನಿಧಾನಕ್ಕೆ ಹತ್ತಿ ಇಳಿಯಬಹುದು. ಒಪ್ಪದಿದ್ದರೆ ಕೆಳಗಿನಿಂದಲೇ ಕೈಮುಗಿಯುವುದು.

ಅಲ್ಲಿವರೆಗೆ ಹೋಗಿ ಶ್ರವಣಬೆಳಗೊಳ ಬಿಡುವುದು ಹೇಗೆ ಎಂಬ ಒತ್ತಾಯ ಹಿರಿಯರಿಂದ ಬರುತ್ತದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತುವುದು ಗರ್ಭಿಣಿಗೆ ಸಲ್ಲ. ಡೋಲಿಯ ಸೌಲಭ್ಯವಿದ್ದರೂ ಇಳಿಜಾರಿನ ಓಲಾಟ, ಬೀಳುವ ಭಯ ಇದ್ದದ್ದೇ. ಬೆಟ್ಟದ ಕೆಳಗೆ, ಸಮತಟ್ಟಿನಲ್ಲೇ, ಇಪ್ಪತ್ನಾಲ್ಕು ತೀರ್ಥಂಕರರಿರುವ ಭಂಡಾರಿ ಬಸದಿ ಇದೆ, 1181ರ ಅಕ್ಕನ ಬಸದಿ ಇದೆ, ಕಲ್ಯಾಣಿಯಿದೆ. ಅಷ್ಟು ಸಾಕು ಎನ್ನುವ ಮನಸ್ಸಿದ್ದರೆ ಅದನ್ನೇ ಬೇರೊಂದು ಪ್ರವಾಸವಾಗಿ ಮಾಡಬಹುದು. ಮೈಸೂರಿನ ಜೊತೆ ಎಳೆದು ಕಟ್ಟುವುದು ಬೇಡ. ಬಾಹುಬಲಿ 981ರಿಂದ ಅಲ್ಲೇ ನಿಂತಿದ್ದಾನೆ, ಮಗುವನ್ನೆತ್ತಿಕೊಂಡು ಹೋಗುವವರೆಗೂ ನಿಂತಿರುತ್ತಾನೆ.

ನಾಲ್ಕು ಗಂಟೆಯ ಪ್ರಯಾಣಕ್ಕೂ ವೈದ್ಯರು ಬೇಡವೆಂದರೆ ಸೂಲಿಬೆಲೆಯ ಅಕ್ಕಪಕ್ಕದಲ್ಲೇ ಒಂದು ದಿನ ಕಳೆಯಲು ದಾರಿಯಿದೆ. ದೇವನಹಳ್ಳಿಯ ನಾಕೋಡ ಅವಂತಿ ಪಾರ್ಶ್ವನಾಥ ತೀರ್ಥಧಾಮ, ಹಾದಿಯಲ್ಲಿ ನಲ್ಲೂರಿನ ಹುಣಸೆ ತೋಪು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ಆ ತೋಪಿನ ನೆರಳಿನಲ್ಲಿ ಬುತ್ತಿ ಬಿಚ್ಚಿ, ಸಂಜೆಯ ಊಟಕ್ಕೆ ಮನೆ ಸೇರಬಹುದು.

ಆಸ್ಪತ್ರೆ ಎಲ್ಲಿದೆ

ಹೋಟೆಲಿನ ವಿಳಾಸದ ಜೊತೆಗೆ ಹೆರಿಗೆ ಸೌಲಭ್ಯವಿರುವ ಆಸ್ಪತ್ರೆಯ ವಿಳಾಸವೂ ಫೋನಿನಲ್ಲಿರಬೇಕು. ಮೈಸೂರಿನ ಸರ್ಕಾರಿ ಚೆಲುವಾಂಬ ಆಸ್ಪತ್ರೆ ತಾಯಿ ಮತ್ತು ಮಕ್ಕಳಿಗೆಂದೇ ಇರುವುದು, ಬೆಂಗಳೂರಿನಲ್ಲಿ ವಾಣಿವಿಲಾಸ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತ. ತಾಯಿ ಕಾರ್ಡ್, ಇತ್ತೀಚಿನ ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿ ಇವು ಡಿಕ್ಕಿಯಲ್ಲಿನ ಸೂಟ್‌ಕೇಸಿನಲ್ಲಲ್ಲ, ಗರ್ಭಿಣಿಯ ಕೈಚೀಲದಲ್ಲಿ.

ರಕ್ತ ಕಾಣಿಸಿದರೆ, ನೀರು ಸೋರಿದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಕೈ ಇದ್ದಕ್ಕಿದ್ದಂತೆ ಊದಿಕೊಂಡರೆ, ಜ್ವರ ಬಂದರೆ, ಹೊಟ್ಟೆ ನಿಯಮಿತವಾಗಿ ಬಿಗಿಯತೊಡಗಿದರೆ, ಒಂದೇ ಕಾಲು ಊದಿ ನೋಯತೊಡಗಿದರೆ "ಊರಿಗೆ ಹೋಗಿ ತೋರಿಸೋಣ" ಎನ್ನಬಾರದು, ಅಲ್ಲೇ ಆಸ್ಪತ್ರೆಗೆ ಹೋಗಬೇಕು. ಮಗುವಿನ ಚಲನೆ ಕಡಿಮೆಯಾದರೂ ಅಷ್ಟೇ. ಪರ್ಯೂಷಣದಲ್ಲಿ ಕಲ್ಪಸೂತ್ರ ಕೇಳಿದವರಿಗೆ ಗೊತ್ತಿರುವ ಪ್ರಸಂಗ: ತಾಯಿಗೆ ನೋವಾಗದಿರಲೆಂದು ಗರ್ಭದಲ್ಲಿದ್ದ ವರ್ಧಮಾನ ಅಲುಗಾಡದೆ ಸುಮ್ಮನಾದಾಗ, ತ್ರಿಶಲಾದೇವಿ ಗಾಬರಿಯಿಂದ ಶೋಕಿಸಿದಳು, ಮತ್ತೆ ಅಲುಗಾಡಿದ ಮೇಲಷ್ಟೇ ಅವಳಿಗೆ ಜೀವ ಬಂದಂತಾಯಿತು. ಮಗು ಸುಮ್ಮನಾದರೆ ತಾಯಿಗೆ ಮೊದಲು ತಿಳಿಯುತ್ತದೆ. 28 ವಾರ ದಾಟಿದ ಗರ್ಭಿಣಿ "ಯಾಕೋ ಮಗು ಆಡುತ್ತಿಲ್ಲ" ಎಂದರೆ ಸಮಾಧಾನ ಹೇಳಿ ಕೂರಿಸದೆ, ಎಡಮಗ್ಗುಲಲ್ಲಿ ಮಲಗಿಸಿ ಗಮನಿಸಿ, ಎರಡು ಗಂಟೆಯಲ್ಲಿ ಹತ್ತು ಚಲನೆ ಸಿಗದಿದ್ದರೆ, ಅಥವಾ ಅದಕ್ಕೂ ಮೊದಲೇ ಅವಳ ಮನಸ್ಸು ಒಪ್ಪದಿದ್ದರೆ, ಹೊರಡಬೇಕು.

ಮರಳುವ ಸೋಮವಾರ ಹೆಚ್ಚಿನವರು ಎಡವುವ ದಿನ. ಮಧ್ಯಾಹ್ನ ಮೂರರ ರೈಲು ಹಿಡಿದರೆ ಬೆಂಗಳೂರು ತಲಪುವಾಗ ಸಂಜೆಯಾಗಿ, ಸೂಲಿಬೆಲೆಯ ಮನೆ ಸೇರುವಷ್ಟರಲ್ಲಿ ಸೂರ್ಯಾಸ್ತವಾಗಿ ಬಹಳ ಹೊತ್ತಾಗಿರುತ್ತದೆ. ಅರಮನೆ ನೋಡಿಕೊಂಡು ಹನ್ನೆರಡರ ಒಳಗೆ ಮೈಸೂರು ಬಿಡುವ ರೈಲಿಗೆ ಟಿಕೆಟ್ ಮಾಡಿಸಿ, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಸಿಕೊಳ್ಳುವುದು ಉತ್ತಮ. ಅಷ್ಟಾಗಿಯೂ ರೈಲು ತಡವಾದರೆ ಎಂದು ಐದರ ಊಟಕ್ಕೆ ಆಗುವಷ್ಟು ಚಪಾತಿ, ಹೆಸರುಬೇಳೆ ಪಲ್ಯ ಇನ್ನೊಂದು ಡಬ್ಬಿಯಲ್ಲಿರಲಿ.